ಕಾದ ಬಂಡೆ

ಬಳ್ಳಾರಿಯಿಂದ ಮೊದಲ ಬಸ್ಸು ಹಿಡಿದು ಕುರುಗೋಡಿನಲ್ಲಿಳಿದೆ. ದೊಡ್ಡಬಸವೇಶ್ವರ ಗುಡಿಯ ಹತ್ತಿರ ಬರುವಷ್ಟರಲ್ಲಿ ಗೆಳೆಯ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದ. ಸಿರುಗುಪ್ಪದ ಆಚೆಯ ಹಳ್ಳಿಯಿಂದ ತೆಕ್ಕಲಕೋಟೆ ಹಾದು, ಜನವರಿಯ ಚಳಿಯಲ್ಲಿ ಬೈಕ್ ಓಡಿಸಿಕೊಂಡು ಬಂದವನು. ಕಿವಿ ಮುಚ್ಚಿ ಕಟ್ಟಿದ ಟವೆಲನ್ನು ಇನ್ನೂ ಬಿಚ್ಚಿರಲಿಲ್ಲ.

"ಎಷ್ಟೊತ್ತಾತು ಬಂದು?" ಎಂದೆ.

"ಈಗ ಬಂದೀನಿ. ಗಾಡಿ ನಿಲ್ಲಿಸಿ ಕುಂತೀನಿ, ಅಷ್ಟ."

ಅವನ ಬೈಕಿಗೆ ಒರಗಿ ಬೂಟಿನ ದಾರ ಬಿಗಿಯುವಾಗ ನನ್ನ ಕೈ ಸೈಲೆನ್ಸರಿಗೆ ತಾಗಿತು. ಸುಟ್ಟಿತೆಂದು ಬೆಚ್ಚಿ ಹಿಂದಕ್ಕೆಳೆದುಕೊಂಡೆ. ಅದು ತಣ್ಣಗಿತ್ತು. ಕಟ್ಟೆಯ ಕಲ್ಲಿನಷ್ಟೇ ತಣ್ಣಗಿತ್ತು. ನಾನು ಏನೂ ಹೇಳಲಿಲ್ಲ, ಅವನೂ ನೋಡದವನಂತೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ.

ಒಳಗೆ ಹೋಗಿ ಕೈಮುಗಿದೆವು. ಕುರುಗೋಡಿನ ಬಸವಣ್ಣ ಒಂದೇ ಕಲ್ಲಿನವನು. ಕಾಲು ಮಡಚಿ ಕೂತಿದ್ದರೂ ನಿಂತ ಮನುಷ್ಯ ಅವನ ಮುಖ ನೋಡಬೇಕಾದರೆ ಕತ್ತೆತ್ತಬೇಕು. ಬೇರೆ ಶಿವಾಲಯಗಳಲ್ಲಿ ಬಸವಣ್ಣ ಗರ್ಭಗುಡಿಯ ಹೊರಗೆ, ಒಡೆಯನ ಕಡೆ ಮುಖ ಮಾಡಿ ಕಾದು ಕೂತಿರುತ್ತಾನೆ. ಈ ಊರಿನಲ್ಲಿ ಹಾಗೆ ಕಾದು ಕೂತವನೇ ದೇವರು. ಚಿಕ್ಕಂದಿನಿಂದ ಎಷ್ಟೋ ಸಲ ಈ ಗುಡಿಗೆ ಬಂದಿದ್ದೇನೆ. ಈ ಮಾತು ನನಗೆ ಹೊಳೆದದ್ದು ಅವತ್ತು, ಬೆರಳ ತುದಿಯಲ್ಲಿ ಆ ತಣ್ಣನೆಯ ಲೋಹದ ನೆನಪಿದ್ದಾಗ.

ಕುರುಗೋಡು 12ನೇ ಶತಮಾನದಲ್ಲಿ ಸಿಂದರ ರಾಜಧಾನಿ. ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದ ಅವರ ಕಾಲದ ಶಾಸನಗಳು, ಗುಡಿಗಳು ಇನ್ನೂ ಈ ಊರಿನಲ್ಲಿವೆ. ಊರ ಬೆನ್ನಿಗೆ ಗುಡ್ಡದ ಸಾಲು. ಮಲೆನಾಡಿನವರು ಇದನ್ನು ಬೆಟ್ಟ ಎಂದು ಒಪ್ಪಲಾರರೇನೋ. ಮಣ್ಣು ಕಡಿಮೆ, ಮರವಂತೂ ಇಲ್ಲವೇ ಇಲ್ಲ ಎನ್ನಬೇಕು. ಗುಂಡಿನ ಮೇಲೆ ಗುಂಡು, ಅದರ ಮೇಲೊಂದು ಗುಂಡು, ನಡುನಡುವೆ ಇಳಿಜಾರಿನ ಹಾಸುಬಂಡೆ. ನಮ್ಮ ಸೀಮೆಯ ಈ ಕಲ್ಲು ಸುಮಾರು 250 ಕೋಟಿ ವರ್ಷ ಹಳೆಯದು ಎನ್ನುತ್ತಾರೆ ಭೂವಿಜ್ಞಾನಿಗಳು. ನೆತ್ತಿಯ ಕಡೆ ಹಳೆಯ ಕೋಟೆಯ ಗೋಡೆಗಳು ಬಂಡೆಯಿಂದ ಬಂಡೆಗೆ ಹರಿದಿವೆ. ಮೇಲಕ್ಕೆ ಹೋಗುವ ದಾರಿ ಕೆಲವು ಕಡೆ ಆಡು ಕುರಿ ಓಡಾಡಿ ಸವೆದ ಗೆರೆ, ಕೆಲವು ಕಡೆ ಬರೀ ಬಂಡೆ.

ನಮ್ಮಿಬ್ಬರಿಗೂ ಅರವತ್ತರ ಹೊಸ್ತಿಲು. ಅವನು ಇನ್ನೂ ಗದ್ದೆಯ ಬದುವಿನ ಮೇಲೆ ಬರಿಗಾಲಲ್ಲಿ ನಡೆಯುವ ಮನುಷ್ಯ. ನಾನು ಮೂವತ್ತು ವರ್ಷ ಕುರ್ಚಿಯಲ್ಲಿ ಕೂತವನು. ಎಡ ಮೊಣಕಾಲು ಸವೆದಿದೆ. ಹತ್ತೋಣ ಎಂದು ಒತ್ತಾಯ ಮಾಡಿದವನು ನಾನೇ, ಆದ್ದರಿಂದ ದೂರುವಂತಿಲ್ಲ.

ಮೊದಲ ಕಾಲು ಗಂಟೆ ಮಾತಿನಲ್ಲಿ ಕಳೆಯಿತು. ಎಲೆ ಉದುರಿಸಿಕೊಂಡ ಸೀತಾಫಲದ ಗಿಡ, ಮೊಣಕಾಲೆತ್ತರದ ಒಣ ಹುಲ್ಲು, ಕೆಳಗೆ ಎರೆ ಹೊಲಗಳ ಕಣದಲ್ಲಿ ಹರವಿದ ಮೆಣಸಿನಕಾಯಿಯ ಕೆಂಪು. ಆಮೇಲೆ ಏರು ಬಂತು. ಹಾಸುಬಂಡೆಯ ಮೇಲೆ ಹೆಜ್ಜೆ ಊರಿದಾಗಲೆಲ್ಲ ಮೊಣಕಾಲಿನೊಳಗೆ ಮುಳ್ಳಾಡಿದಂತಾಗುತ್ತಿತ್ತು. ಅವನು ಇಪ್ಪತ್ತು ಹೆಜ್ಜೆ ಮುಂದೆ, ಆಮೇಲೆ ನಲವತ್ತು, ಆಮೇಲೆ ಒಂದು ಗುಂಡಿನ ಮರೆ.

ಗುಡ್ಡ ಹತ್ತುವಾಗ ಹಿಂದೆ ಬಿದ್ದವನ ಮನಸ್ಸಿನಲ್ಲಿ ಏನು ಹುಟ್ಟುತ್ತದೆ ಎಂಬುದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಮುಂದೆ ನಿಂತು ಕಾಯುವವನ ಮೇಲೆ ಕೃತಜ್ಞತೆ ಹುಟ್ಟುತ್ತದೆ ಎಂದುಕೊಂಡಿದ್ದೆ. ಅಲ್ಲ, ಮೊದಲು ಹುಟ್ಟುವುದು ಸಿಟ್ಟು. ಇವನು ಯಾಕೆ ನಿಂತಿದ್ದಾನೆ, ನಾನೇನು ಕೂಸೇ, ಅವನ ಪಾಡಿಗೆ ಅವನು ಹೋಗಬಾರದೇ ಎಂಬ ಸಿಟ್ಟು. ಅದರ ಹಿಂದೆ ನಾಚಿಕೆ. ಈ ಎರಡನ್ನೂ ನುಂಗಿಕೊಂಡು, ಏದುಸಿರು ಕೇಳಿಸದಂತೆ ಬಾಯಿ ಮುಚ್ಚಿ, ಮೂಗಿನಲ್ಲೇ ಉಸಿರೆಳೆಯುತ್ತ ಹತ್ತಿದೆ. ಕಾಯುವುದು ದೊಡ್ಡ ಗುಣ ಎಂದು ಎಲ್ಲರೂ ಹೇಳಿಕೊಡುತ್ತಾರೆ. ಇನ್ನೊಬ್ಬರು ನಮಗಾಗಿ ಕಾಯುವುದನ್ನು ತಾಳಿಕೊಳ್ಳುವುದು ಹೇಗೆಂದು ಯಾರೂ ಹೇಳಿಕೊಡುವುದಿಲ್ಲ.

ಆದರೆ ಅವನು ಕಾಯುವ ರೀತಿಯೇ ಬೇರೆ. ಒಂದೆರಡು ತಿರುವು ಕಳೆದ ಮೇಲೆ ಅದು ನನ್ನ ಗಮನಕ್ಕೆ ಬಂತು. ಅವನು ಮೇಲೆ ನಿಂತು ನನ್ನ ಕಡೆ ನೋಡುತ್ತಿರಲಿಲ್ಲ. ಬೇರೆ ಯಾವುದಕ್ಕೋ ಮುಖ ಮಾಡಿ ಕೂತಿರುತ್ತಿದ್ದ: ಒಂದು ಸಲ ಕಲ್ಲಿನ ಸಂದಿಯ ಜೇನು, ಇನ್ನೊಂದು ಸಲ ದೂರದ ಕಾಲುವೆಯ ಗೆರೆ, ಮತ್ತೊಂದು ಸಲ ಚಪ್ಪಲಿಗೆ ಚುಚ್ಚಿದ ಜಾಲಿ ಮುಳ್ಳು. ನಾನು ತಲುಪಿದಾಗ ಏಳುತ್ತಿರಲಿಲ್ಲ. ಇದು ಬಹಳ ಮುಖ್ಯ. ಮುಂದೆ ಹೋದವನು ಕೂತು ದಣಿವಾರಿಸಿಕೊಂಡಿರುತ್ತಾನೆ. ಹಿಂದಿನವನು ಬಂದ ಕೂಡಲೇ, "ಬಂದೆಯಾ, ನಡಿ" ಎಂದು ಎದ್ದುಬಿಡುತ್ತಾನೆ. ಹೀಗಾಗಿ ಮುಂದಿನವನಿಗೆ ಹತ್ತು ಸಲ ವಿಶ್ರಾಂತಿ, ಹಿಂದಿನವನಿಗೆ ಒಂದು ಸಲವೂ ಇಲ್ಲ. ಕಾದಂತೆ ಕಾಣುತ್ತದೆ, ಕಾದದ್ದು ಮಾತ್ರ ಅಲ್ಲ. ಗೆಳೆಯ ನಾನು ಕೂತು, ನೀರು ಕುಡಿದು, ಬೆವರು ಒರೆಸಿಕೊಂಡು, ನಾನಾಗಿಯೇ ಎದ್ದ ಮೇಲೆ ಏಳುತ್ತಿದ್ದ. ಅದೂ ಸೊಂಟ ಹಿಡಿದುಕೊಂಡು, "ಯಪ್ಪಾ" ಎನ್ನುತ್ತ, ತನಗೇ ಇನ್ನೂ ಕೂತಿರುವ ಆಸೆ ಇದೆ ಎಂಬಂತೆ.

ಇದನ್ನು ಅವನು ಎಲ್ಲಿ ಕಲಿತ ಎಂದು ಕೇಳಬೇಕಾಗಿಲ್ಲ. ಅವನದು ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ಕೊನೆ ಭಾಗದ ಗದ್ದೆ. 1953ರಲ್ಲಿ ಅಣೆಕಟ್ಟು ಮುಗಿದ ಮೇಲೆ ಈ ಸೀಮೆಗೆ ಭತ್ತ ಬಂತು, ಅಕ್ಕಿ ಗಿರಣಿಗಳು ಬಂದವು, ಸಿರುಗುಪ್ಪ ಎಂದರೆ ಸೋನಾಮಸೂರಿ ಎನ್ನುವಂತಾಯಿತು. ಆದರೆ ಕೊನೆ ಭಾಗದವನ ಪಾಲಿಗೆ ಕಾಲುವೆ ಎಂದರೆ ಕಾಯುವುದು. ಮೇಲಿನವರ ತೂಬು ಮುಚ್ಚಬೇಕು, ಪಾಳಿ ಬರಬೇಕು, ಬಂದ ನೀರು ನಡುದಾರಿಯಲ್ಲಿ ಕಳ್ಳತನವಾಗದಂತೆ ಬದುವಿನ ಮೇಲೆ ರಾತ್ರಿಯಿಡೀ ಬ್ಯಾಟರಿ ಹಿಡಿದು ಕೂರಬೇಕು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಅದಾದ ಮರುದಿನ ನಾನು ಅವನಿಗೆ ಫೋನು ಮಾಡಿದ್ದೆ. ನಾಟಿ ಮಾಡಿದ ಭತ್ತ ಗದ್ದೆಯಲ್ಲಿತ್ತು, ವರ್ಷಕ್ಕೆ ಆಗಬೇಕಾದ ನೀರು ನದಿಗೆ ಹೋಗುತ್ತಿತ್ತು. ಅವನು ಯಾರನ್ನೂ ಬೈಯಲಿಲ್ಲ. "ನೋಡಬೇಕು" ಎಂದ, ಅಷ್ಟೆ. ಹರಿಯುವ ನೀರಿನ ರಭಸದಲ್ಲೇ ಉಕ್ಕಿನ ತಾತ್ಕಾಲಿಕ ಗೇಟು ಇಳಿಸಿ ಹರಿವನ್ನು ತಡೆಯಲು ಒಂದು ವಾರ ಹಿಡಿಯಿತು. ಆ ಒಂದು ವಾರ ಲಕ್ಷಾಂತರ ರೈತರು ಕೂತ ಹಾಗೆ ಅವನೂ ಕೂತಿದ್ದ. ಕಾಯುವುದೆಂದರೆ ಕೈಕಟ್ಟಿ ಕೂರುವುದು ಎಂದುಕೊಂಡವರು ಆ ವಾರ ಸಿರುಗುಪ್ಪಕ್ಕೆ ಬಂದು ಆ ಮುಖಗಳನ್ನು ನೋಡಬೇಕಿತ್ತು.

ಒಂಬತ್ತು ಗಂಟೆಗೆಲ್ಲ ಬಿಸಿಲು ಚುರುಕಾಯಿತು. ಜನವರಿಯಾದರೇನು, ಬಳ್ಳಾರಿ ಬಳ್ಳಾರಿಯೇ. ಬಂಡೆಗೆ ಅಂಗೈ ಊರಿದರೆ ಬೆಚ್ಚಗಿತ್ತು.

"ಬಂಡಿ ಕಾಯಾಕತ್ತೈತಿ. ಲಗೂನ ಮ್ಯಾಲ ಹೋಗೋಣು" ಎಂದ.

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಬಸ್ಸಿಗೆ ಕಾಯುತ್ತೇವೆ, ಕುರಿ ಕಾಯುತ್ತೇವೆ, ಹೊಲ ಕಾಯುತ್ತೇವೆ. ದೇವರೇ ಕಾಯಪ್ಪ ಎನ್ನುತ್ತೇವೆ. ಹಂಡೆಯ ನೀರು ಕಾಯುತ್ತದೆ, ಹೆಂಚು ಕಾಯುತ್ತದೆ, ಬಿಸಿಲಿಗೆ ಬಂಡೆ ಕಾಯುತ್ತದೆ. ವ್ಯಾಕರಣ ಬಲ್ಲವರು ಇವು ಬೇರೆ ಬೇರೆ ಧಾತು ಎನ್ನಬಹುದು. ನನ್ನ ಅವ್ವನ ಬಾಯಲ್ಲಿ ಇವೆಲ್ಲ ಒಂದೇ ಮಾತಾಗಿತ್ತು. ಯಾರಿಗಾದರೂ ನಿಜವಾಗಿ ಕಾದವನಿಗೆ ಇದು ಅರ್ಥವಾಗುತ್ತದೆ. ತಡರಾತ್ರಿಯಾದರೂ ಬಾರದ ಮಗನಿಗೆ ಬಾಗಿಲಲ್ಲಿ ಕಾಯುವ ತಾಯಿ ಅವನನ್ನು ಕಾಯುತ್ತಲೂ ಇರುತ್ತಾಳೆ, ಒಳಗೊಳಗೇ ಕಾದು ಕೆಂಡವೂ ಆಗಿರುತ್ತಾಳೆ. ಈ ಮೂರನ್ನು ಬಿಡಿಸಿ ಬೇರೆ ಬೇರೆ ಇಡಲು ಬರುವುದಿಲ್ಲ.

ಅಲ್ಲೇ ಕುರಿಯ ಹಿಂಡೊಂದು ಎದುರಾಯಿತು. ಮುಂದೆ ಒಬ್ಬ, ಹಿಂದೆ ಒಬ್ಬ ಅಜ್ಜ. ಹಿಂದಿನವನ ಕಂಬಳಿಯ ಮಡಿಕೆಯಲ್ಲಿ ಅವತ್ತೇ ಹುಟ್ಟಿದ ಮರಿ, ಇನ್ನೂ ಮೈ ಒಣಗಿರಲಿಲ್ಲ. ತಾಯಿ ಕುರಿ ಅಜ್ಜನ ಕಾಲಿಗೆ ಅಂಟಿಕೊಂಡು ನಡೆಯುತ್ತಿತ್ತು. "ಎಲ್ಲಿತನ ಹೊಂಟೀರಿ?" ಎಂದು ಕೇಳಿದ. ಮೇಲಕ್ಕೆ ಎಂದೆವು. ನನ್ನ ಕಾಲು ನೋಡಿದ, ಏನೂ ಹೇಳದೆ ತನ್ನ ಕೈಯ ಕೋಲನ್ನು ಕೊಟ್ಟ. "ಇಳಿದ್ಮ್ಯಾಲ ಕೆಳಗ ಬೇವಿನ ಗಿಡಕ್ಕ ಆನಿಸಿ ಹೋಗ್ರಿ, ನಾ ತಗಂತೀನಿ." ಅದನ್ನು ತಗೊಳ್ಳಲು ನನ್ನ ಕೈ ಒಂದು ಕ್ಷಣ ಹಿಂಜರಿಯಿತು. ಆಮೇಲೆ ತಗೊಂಡೆ.

ಇನ್ನು, ನಾನು ಹೇಳಲೇಬೇಕಾದ ಮಾತು. 1984ರ ಏಪ್ರಿಲ್. ಪಿಯುಸಿ ಪರೀಕ್ಷೆ ಮುಗಿದಿತ್ತು. ನಾವಿಬ್ಬರೂ ಹಾಸ್ಟೆಲಿನಿಂದ ಹೊರಟು ಬಳ್ಳಾರಿ ಗುಡ್ಡ ಹತ್ತಲು ಹೋದೆವು. ಮೇಲಿನ ಕೋಟೆ ವಿಜಯನಗರದ ಸಾಮಂತ ಹನುಮಪ್ಪ ನಾಯಕ ಕಟ್ಟಿಸಿದ್ದು, ಕೆಳಗಿನದು ಹೈದರಾಲಿಯ ಕಾಲದ್ದು. ಬಂಡೆಯ ಸೀಳುಗಳಿಗೆ ಅಡ್ಡ ಕಟ್ಟಿ ನೀರು ನಿಲ್ಲಿಸಿದ ದೊಣೆಗಳು ಮೇಲಿವೆ ಎಂದು ಕೇಳಿದ್ದೆವು, ಅವನ್ನು ನೋಡುವ ಹುಚ್ಚು. ಮೆಟ್ಟಿಲ ಬುಡದಲ್ಲಿ ನಾನು, "ಯಾರು ಮೊದಲು?" ಎಂದೆ. ಅವನು ದಪ್ಪಗಿದ್ದ, ನಾನು ಕಡ್ಡಿಯಂತಿದ್ದೆ. ಯಾರು ಮೊದಲು ಎಂಬುದು ಕೇಳುವ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಕೇಳಿದೆ. ಮೇಲೆ ಹೋಗಿ ನಿಲ್ಲುವುದು, ಅವನು ಬಂದ ಕೂಡಲೇ ನಕ್ಕು ಮತ್ತೆ ಓಡುವುದು, ಹೀಗೇ ನಡೆಯಿತು. ಮೇಲಿನ ಬಾಗಿಲ ಹತ್ತಿರ ಅವನು ಕೂತುಬಿಟ್ಟ. "ನೀ ಹೋಗಿ ಬಾ" ಎಂದ. ನಾನು ಹೋದೆ. ಚಪ್ಪಲಿ ಜಾರುತ್ತಿದ್ದವು ಎಂದು ಅವನ ಹತ್ತಿರವೇ ಬಿಟ್ಟು ಹೋದೆ. ಎರಡು ತಾಸು ಮೇಲೆ ಅಲೆದೆ. ದೊಣೆಯ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತೆ. ಇಳಿದು ಬಂದಾಗ ಅವನು ಬಾಗಿಲ ನೆರಳಿನಲ್ಲಿ, ನನ್ನ ಚಪ್ಪಲಿಯನ್ನು ಬಿಸಿಲು ಬೀಳದ ಕಡೆ ಸರಿಸಿಟ್ಟುಕೊಂಡು ಕೂತಿದ್ದ.

ಆ ಗುಡ್ಡದ ಬಗ್ಗೆ ಬಳ್ಳಾರಿಯಲ್ಲಿ ಎಲ್ಲರೂ ಹೇಳುವ ಕಥೆಯೊಂದಿದೆ. 1769ರ ಹೊತ್ತಿಗೆ ಹೈದರಾಲಿ ಫ್ರೆಂಚ್ ಇಂಜಿನಿಯರ್ ಒಬ್ಬನಿಂದ ಕೋಟೆ ಕಟ್ಟಿಸಿದ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ, ಅಲ್ಲಿಂದ ಕೋಟೆಯ ಒಳಗೆಲ್ಲ ಕಾಣುತ್ತದೆ. ಸಿಟ್ಟಿನಿಂದ ಇಂಜಿನಿಯರನ್ನು ಗಲ್ಲಿಗೇರಿಸಿದನಂತೆ. ಕೋಟೆಯ ಪೂರ್ವ ಬಾಗಿಲ ಹತ್ತಿರದ ಗೋರಿಯೊಂದನ್ನು ಅವನದೆಂದು ತೋರಿಸುತ್ತಾರೆ. ಕಥೆ ನಿಜವಿದ್ದೀತು, ಇಲ್ಲದಿದ್ದೀತು. ಎರಡು ಗುಡ್ಡ ಅಕ್ಕಪಕ್ಕ ಎಷ್ಟೋ ಕೋಟಿ ವರ್ಷ ಸುಮ್ಮನೆ ಇದ್ದವು. ಯಾವುದು ಎತ್ತರ ಎಂದು ಒಬ್ಬ ಅಳೆದ, ಒಬ್ಬನ ಪ್ರಾಣ ಹೋಯಿತು. ನಾನು ಆ ಮೆಟ್ಟಿಲುಗಳ ಮೇಲೆ ಮಾಡಿದ್ದೂ ಅಳೆಯುವ ಕೆಲಸವೇ.

40 ವರ್ಷ ಈ ನೆನಪು ಒಳಗೆ ಕೂತಿತ್ತು. ಮದುವೆಗಳಲ್ಲಿ, ಮಣ್ಣುಗಳಲ್ಲಿ ಸೇರಿದ್ದೇವೆ, ಅವನ ಮಗನ ಫೀಸಿಗೆ ನಾನು, ನನ್ನ ಅಪ್ಪನ ಆಸ್ಪತ್ರೆ ರಾತ್ರಿಗಳಿಗೆ ಅವನು. ಆದರೂ ಆ ಮಾತು ಬಾಯಿಗೆ ಬಂದಿರಲಿಲ್ಲ. ಕುರುಗೋಡಿಗೆ ಹೋಗೋಣ ಎಂದು ಒತ್ತಾಯ ಮಾಡಿದ್ದೂ ಅದಕ್ಕೇ. ಗುಡ್ಡದ ಮೇಲೆ ಮಾಡಿದ ತಪ್ಪನ್ನು ಗುಡ್ಡದ ಮೇಲೆ ಹೇಳಿ ಮುಗಿಸಬೇಕು ಎಂದು.

ಹನ್ನೊಂದಕ್ಕೆ ಮೇಲೆ ತಲುಪಿದೆವು. ಕೋಟೆಗೋಡೆಯ ನೆರಳಿನಲ್ಲಿ ಬುತ್ತಿ ಬಿಚ್ಚಿದ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಎಣ್ಣೆಗಾಯಿ ಬದನೆಕಾಯಿ. ಒಂದು ಕಡೆ ಹಸಿರು ಗದ್ದೆ, ಇನ್ನೊಂದು ಕಡೆ ಕಪ್ಪು ಎರೆ. ಉತ್ತರದ ಮಂಜಿನಲ್ಲಿ ಎಲ್ಲೋ ತೆಕ್ಕಲಕೋಟೆಯ ಗುಡ್ಡಗಳು. 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರಾ ಅಲ್ಲಿ ಅಗೆದಾಗ ಮೂರೂವರೆ ಸಾವಿರ ವರ್ಷಕ್ಕೂ ಹಿಂದಿನ ಗುಂಡು ಗುಡಿಸಲುಗಳ ನೆಲ ಸಿಕ್ಕಿತು. ಗುಡ್ಡದ ಮೇಲೆಯೇ ಮನೆ ಮಾಡಿದ್ದ ಜನ ಅವರು. ಸತ್ತವರನ್ನು ಮನೆಯ ಬಳಿಯೇ ಹೂಳುತ್ತಿದ್ದರು, ತೀರಿಕೊಂಡ ಕೂಸುಗಳನ್ನು ಮಣ್ಣಿನ ಗಡಿಗೆಯಲ್ಲಿಟ್ಟು ತಾವು ಮಲಗುವ ನೆಲದಡಿ ಇಡುತ್ತಿದ್ದರು. ನಾವು ನೆತ್ತಿ ಮುಟ್ಟಿ, ಫೋಟೋ ತೆಗೆದು, ಎಷ್ಟು ನಿಮಿಷಕ್ಕೆ ಹತ್ತಿದೆವು ಎಂದು ಮೊಬೈಲಿನಲ್ಲಿ ನೋಡಿ ಇಳಿಯುತ್ತೇವೆ. ಅವರು ದಿನಾ ನೀರು ಹೊತ್ತು, ಕೂಸು ಹೊತ್ತು ಹತ್ತಿದರು. ಅವರಲ್ಲಿ ಹಿಂದೆ ಬಿದ್ದವರು ಇರಲೇಬೇಕು, ಅವರಿಗಾಗಿ ಯಾರೋ ನಿಂತಿರಲೇಬೇಕು.

ಅರ್ಧ ರೊಟ್ಟಿ ತಿಂದು ಮಾತು ತೆಗೆದೆ. "ಅವತ್ತು ಬಳ್ಳಾರಿ ಗುಡ್ಡದಾಗ ನಿನ್ನ ಬಾಗಿಲದಾಗ ಬಿಟ್ಟು ಹೋಗಿದ್ದೆ, ನೆನಪೈತೇನು?"

"ಐತಲ್ಲ."

"ತಪ್ಪು ಮಾಡಿದೆ. ಇಷ್ಟು ವರ್ಷ ಹೇಳಾಕ ಆಗಿಲ್ಲ."

ಅವನು ಚಟ್ನಿ ಹಚ್ಚುತ್ತಿದ್ದ ರೊಟ್ಟಿಯನ್ನು ಕೆಳಗಿಟ್ಟ. "ನೀ ಬರೇ ಹತ್ತಿದ್ದು ನೆನಪಿಟ್ಟೀಯಲೇ. ಇಳಿದದ್ದು ಮರ್ತೀಯ."

ನನಗೆ ಅರ್ಥವಾಗಲಿಲ್ಲ.

"ನಾ ದಣಿದು ಕುಂತಿದ್ದಿಲ್ಲ. ತಿರುಗಿ ಕೆಳಗ ನೋಡಿಬಿಟ್ಟಿದ್ದೆ. ಕಣ್ಣಿಗೆ ಕತ್ತಲಿ ಬಂತು, ಕಾಲು ನಡಗಾಕ ಹತ್ತಿದ್ವು. ಮ್ಯಾಲ ಬರಾಕ ಆಗ್ಲಿಲ್ಲ, ಕೆಳಗ ಇಳಿಯಾಕೂ ಆಗ್ಲಿಲ್ಲ. ನಿನಗ ಹೇಳಾಕ ನಾಚಿಕಿ. ನೀ ಬಂದಿ, ನನ್ನ ಮಾರಿ ನೋಡಿದಿ, ಏನೂ ಕೇಳಲಿಲ್ಲ. ಮುಂದ ನಿಂತು, 'ಹೆಗಲ ಮ್ಯಾಲ ಕೈ ಇಡು, ಕೆಳಗ ನೋಡಬ್ಯಾಡ, ನನ್ನ ಬೆನ್ನು ನೋಡು' ಅಂದಿ. ಕಟ್ಟಕಡೇ ಮೆಟ್ಲತನ ಹಂಗ ಕರಕೊಂಡು ಬಂದಿ. ನಾ ಇವತ್ತಿಗೂ ಎತ್ತರಕ್ಕ ಹೋದಾಗ ನಿನ್ನ ಆ ನೀಲಿ ಅಂಗಿ ಬೆನ್ನ ನೆನಸ್ಕಂತೀನಿ."

ನೀಲಿ ಅಂಗಿ ಇತ್ತು. ಅದು ನೆನಪಾಯಿತು. ಹೆಗಲ ಮೇಲಿನ ಕೈ ಮಾತ್ರ ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ.

ನಾನು ಬಹಳ ಹೊತ್ತು ಮಾತಾಡಲಿಲ್ಲ. ಅವನ ಮಾತಿನಿಂದ ನನ್ನ ಅಪರಾಧ ಅಳಿಸಿಹೋಯಿತು ಎಂದು ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಓಡಿದ್ದು ಓಡಿದ್ದೇ, ಬಿಟ್ಟು ಹೋದದ್ದು ಬಿಟ್ಟು ಹೋದದ್ದೇ. ನನ್ನನ್ನು ಕುಕ್ಕಿದ್ದು ಬೇರೆ. ಈ 40 ವರ್ಷ ನಾನು ಪಶ್ಚಾತ್ತಾಪ ಪಟ್ಟೆ ಎಂದುಕೊಂಡೆನಲ್ಲ, ಅದರಲ್ಲಿ ಅವನು ಎಲ್ಲಿದ್ದ? ನಾನು ಓಡಿದೆ, ನಾನು ಬಿಟ್ಟೆ, ನಾನು ಕೆಟ್ಟವನಾದೆ. ಎಲ್ಲದರ ನಡುವೆ ನಾನೇ. ಅವನು ಯಾಕೆ ಕೂತ ಎಂದು ಒಂದು ಸಲವೂ ಕೇಳಿರಲಿಲ್ಲ. ಅವನಿಗೆ ಎತ್ತರದ ಅಂಜಿಕೆ ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನನ್ನ ಕ್ಷಮೆ ನನಗೆ ಬೇಕು ಎಂದು ಅಂಥವನನ್ನು ಮತ್ತೊಂದು ಕಡಿದಾದ ಗುಡ್ಡಕ್ಕೆ ಎಳೆದು ತಂದಿದ್ದೆ. ಅವನು ಬಂದಿದ್ದ. ದಾರಿಯುದ್ದಕ್ಕೂ ಜೇನು, ಮುಳ್ಳು, ಕಾಲುವೆ ಎಂದು ಅವನು ಬೇರೆ ಕಡೆ ಮುಖ ಮಾಡಿ ಕೂತಿದ್ದರಲ್ಲಿ ನನ್ನ ಮಾನ ಕಾಯುವುದರ ಜೊತೆಗೆ ಕೆಳಗೆ ನೋಡದಿರುವ ಪ್ರಯತ್ನವೂ ಇತ್ತೇ? ಕೇಳಿದೆ. ಈ ಸಲ ಕೇಳಿದೆ.

"ಸ್ವಲ್ಪ ಇತ್ತು" ಎಂದ.

ಇಳಿಯುವಾಗ ನಾನು ಮುಂದೆ ನಿಂತೆ. ಮೊಣಕಾಲು ಮೊದಲಿಗಿಂತ ನೋಯುತ್ತಿತ್ತು, ಇಳಿಜಾರು ಸವೆದ ಮೊಣಕಾಲಿಗೆ ಏರಿಗಿಂತ ಕಷ್ಟ. ಕುರುಬರಜ್ಜನ ಕೋಲು ನನ್ನ ಬಲಗೈಯಲ್ಲಿ, ಗೆಳೆಯನ ಕೈ ನನ್ನ ಎಡ ಹೆಗಲಿನ ಮೇಲೆ. ಹಾಸುಬಂಡೆ ಕಾದು ಬೂಟಿನ ಅಟ್ಟೆಯ ಮೂಲಕ ಬಿಸಿ ಏರುತ್ತಿತ್ತು. ನನ್ನ ಹೆಜ್ಜೆ ಎಷ್ಟು ನಿಧಾನವೋ ಅವನ ಹೆಜ್ಜೆ ಅಷ್ಟೇ ನಿಧಾನ. ಯಾರು ಯಾರನ್ನು ಇಳಿಸಿದೆವು ಎಂದು ಹೇಳುವುದು ಕಷ್ಟ. ಬೇವಿನ ಗಿಡಕ್ಕೆ ಕೋಲು ಆನಿಸಿದೆವು. ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ.

"ಇವತ್ತು ರಾತ್ರಿ ನಮ್ಮ ಪಾಳಿ, ನೀರು ಕಟ್ಟಬೇಕು" ಎಂದು ಅವನು ನಾಲ್ಕಕ್ಕೇ ಹೊರಟ. ತಲುಪಿದ ಮೇಲೆ, ನೀರು ಬಂದ ಮೇಲೆ ಒಂದು ಫೋನು ಮಾಡು ಎಂದೆ. ಮನೆಗೆ ಬಂದು ಮೊಣಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೊಂಡು ಮಲಗಿದೆ. ಹತ್ತಾಯಿತು, ಹನ್ನೊಂದಾಯಿತು. ದೀಪ ಆರಿಸಿ ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡೆ. ಹನ್ನೆರಡೂವರೆಗೆ ಬಂತು.

"ಮಲಗಿದ್ದೇನಲೇ? ಎಬ್ಬಿಸಿದ್ನಾ?"

"ಇಲ್ಲ, ಈಗಷ್ಟ ಎಚ್ಚರಾತು" ಎಂದೆ.

ಅವನು ಮಾತಾಡದೆ ಫೋನನ್ನು ಕೆಳಗೆ ಹಿಡಿದ. ತೂಬಿನಿಂದ ಗದ್ದೆಗೆ ನೀರು ಬೀಳುವ ಸದ್ದು ಕೇಳಿಸಿತು.